ನಮ್ಮ ಯೌವನದ ಬೆಳ್ಳಿತೆರೆ: ಅಂದಿನ ಅರುಚಿಯ ಮರುಪರಿಶೀಲನೆ

ಕಳೆದ ದೀಪಾವಳಿಯ ರಜೆಯಲ್ಲಿ ನಮ್ಮ ಮನೆಯಲ್ಲಿ ಬಂಧುಬಳಗ ಸೇರಿತ್ತು. ಊಟವಾದ ಬಳಿಕ ಹಿರಿಯರ ಮಾತು ಎಂದಿನಂತೆ ಇಂದಿನ ಮಕ್ಕಳ ಮನರಂಜನೆಯತ್ತ ಹೊರಳಿತು. ಹಾಡುಗಳಲ್ಲಿ ಸಾಹಿತ್ಯವಿಲ್ಲ, ಚಿತ್ರಗಳಲ್ಲಿ ನೀತಿಯಿಲ್ಲ, ಕೈಯಲ್ಲಿ ಸದಾ ಮೊಬೈಲು ಎಂದು ಒಬ್ಬೊಬ್ಬರು ಒಂದೊಂದು ದೂರನ್ನು ಮುಂದಿಟ್ಟರು. ಪಿಯುಸಿ ಓದುತ್ತಿರುವ ನನ್ನ ಮಗಳ ಮಗಳು ಎಲ್ಲವನ್ನೂ ಕೇಳಿಸಿಕೊಂಡು, "ತಾತ, ನಿಮ್ಮ ಕಾಲದ ಸಿನಿಮಾ, ಹಾಡುಗಳಲ್ಲಿ ನಿಮಗೆ ಹಿಡಿಸದೆ ಇದ್ದದ್ದು ಏನೂ ಇರಲಿಲ್ಲವೇ?" ಎಂದು ಕೇಳಿದಳು. ನಾವು ಅರುವತ್ತು ದಾಟಿದವರು ಐದಾರು ಮಂದಿ ಅಲ್ಲಿದ್ದೆವು. ಉತ್ಸಾಹದಿಂದ ಪಟ್ಟಿ ಕೊಟ್ಟೆವು: ಬೆಲ್‌ಬಾಟಮ್, ಉದ್ದ ಕೂದಲು, ಕ್ಯಾಬರೆ ಕುಣಿತ, ಡಿಸ್ಕೋ ಗದ್ದಲ, ಹಬ್ಬದ ಮೈಕಿನಲ್ಲಿ ಹಗಲಿರುಳೂ ಮೊಳಗುತ್ತಿದ್ದ ಹಿಂದಿ ಹಾಡು.

ಅದೇ ಸಂಜೆ ದೂರದರ್ಶನದ ಒಂದು ವಾಹಿನಿಯಲ್ಲಿ ನಮ್ಮ ಕಾಲದ ಚಿತ್ರವೊಂದು ಬರುತ್ತಿತ್ತು. ಗಂಡನು ಎದುರುತ್ತರ ಕೊಟ್ಟ ಹೆಂಡತಿಯ ಕೆನ್ನೆಗೆ ಹೊಡೆದನು. ಹಿನ್ನೆಲೆಯ ವಾದ್ಯವು ಅದನ್ನೊಂದು ವಿನೋದವನ್ನಾಗಿ ಮಾಡಿತು. ಮರುದೃಶ್ಯದಲ್ಲಿ ಆಕೆ ಸೆರಗು ಹೊದ್ದು ಕಾಫಿ ತಂದಳು. ನಮ್ಮಲ್ಲಿ ಒಬ್ಬಿಬ್ಬರು ಹಳೆಯ ಅಭ್ಯಾಸದಂತೆ ನಕ್ಕರು. ಹುಡುಗಿ ನಗಲಿಲ್ಲ. "ಇದು ನಿಮ್ಮ ಪಟ್ಟಿಯಲ್ಲಿ ಇರಲಿಲ್ಲವಲ್ಲ, ತಾತ" ಎಂದಳು. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಪ್ರಸ್ತುತ ಲೇಖನವು ಆ ಉತ್ತರವನ್ನು ಹುಡುಕುವ ಒಂದು ಪ್ರಯತ್ನ.

ಅರುಚಿ ಬೇರೆ, ವಿವೇಚನೆ ಬೇರೆ. ನಾಲಗೆಗೆ ಹಾಗಲಕಾಯಿ ಹಿಡಿಸದಿರುವುದು ಅರುಚಿ; ಅದರಲ್ಲಿ ನೀತಿಯ ಪ್ರಶ್ನೆಯಿಲ್ಲ. ಇನ್ನೊಬ್ಬರ ನೋವಿನಿಂದ ನಮಗೆ ಸುಖ ದೊರೆಯುತ್ತಿದ್ದರೆ ಅದನ್ನು ಗುರುತಿಸಿ ಹಿಂದೆಗೆಯುವುದು ವಿವೇಚನೆ. ನಮ್ಮ ತಲೆಮಾರು ಮೊದಲನೆಯದನ್ನು ಎರಡನೆಯದೆಂದು ಭ್ರಮಿಸಿತು ಎಂಬುದು ನನ್ನ ಇಂದಿನ ಅಭಿಪ್ರಾಯ. ಹೊರಗಿನ ವೇಷವನ್ನು ಕಂಡು ನಾವು ಮುಖ ಸಿಂಡರಿಸಿದೆವು. ಒಳಗಿನ ಕ್ರೌರ್ಯವನ್ನು ಕಂಡು ಚಪ್ಪಾಳೆ ತಟ್ಟಿದೆವು.

ಹಿಡಿಸದಿದ್ದ ಸಂಗತಿಗಳು

ನಾನು ಹುಟ್ಟಿದ್ದು 1959ರಲ್ಲಿ, ಹಾಸನದ ಒಂದು ಬಟ್ಟೆ ವ್ಯಾಪಾರದ ಮನೆಯಲ್ಲಿ. ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಯುವ ಮನೆಯಾದುದರಿಂದ ಸಂಜೆಯ ಮೊದಲನೆಯ ಆಟಕ್ಕೆ ಹೋಗಲು ನಮಗೆ ಅನುಕೂಲವೇ ಆಗಿತ್ತು. ತಿಂಗಳಿಗೊಂದು ಚಿತ್ರಕ್ಕೆ ತಂದೆಯವರ ಅಪ್ಪಣೆ; ಉಳಿದವು ಅಪ್ಪಣೆಯಿಲ್ಲದೆ. ಹೀಗಿರಲು ಆ ಕಾಲದ ಚಿತ್ರಗಳನ್ನು ಕುರಿತು ನಾನು ಹೇಳುವುದು ದೂರದಿಂದ ನೋಡಿದವನ ಮಾತಲ್ಲ. ಬೆಂಚಿನ ಮೇಲೆ ಕುಳಿತು ಶಿಳ್ಳೆ ಹಾಕಿದವನ ಮಾತು.

ಚಿತ್ರಗೀತೆಯ ಮೇಲಿನ ಅರುಚಿ ನಮಗಿಂತಲೂ ಹಿರಿಯರದು. 1952ರಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವರಾದ ಬಿ.ವಿ. ಕೇಸ್ಕರರು ಶಾಸ್ತ್ರೀಯ ಸಂಗೀತದ ನಿಷ್ಠಾವಂತ ಅಭಿಮಾನಿಗಳು. ಚಿತ್ರಗೀತೆಗಳು ಜನರ ಅಭಿರುಚಿಯನ್ನು ಕೆಡಿಸುತ್ತವೆಂದು ನಂಬಿದ ಅವರ ಕಾಲದಲ್ಲಿ ಆಕಾಶವಾಣಿಯಿಂದ ಆ ಗೀತೆಗಳು ಹೆಚ್ಚುಕಡಿಮೆ ಮಾಯವಾದವು. ಫಲವೇನಾಯಿತು? ಕೇಳುಗರು ಮುಳ್ಳನ್ನು ರೇಡಿಯೋ ಸಿಲೋನಿನ ಕಡೆಗೆ ತಿರುಗಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಅಮೀನ್ ಸಯಾನಿಯವರ 'ಬಿನಾಕಾ ಗೀತಮಾಲಾ' ಅಲ್ಲಿಂದ ಆರಂಭವಾಗಿ ಮನೆಮನೆಯ ಮಾತಾಯಿತು. ಕೊನೆಗೆ 1957ರ ಅಕ್ಟೋಬರಿನಲ್ಲಿ ಸರ್ಕಾರವೇ 'ವಿವಿಧ ಭಾರತಿ'ಯನ್ನು ಆರಂಭಿಸಿ ಅದೇ ಗೀತೆಗಳನ್ನು ಬಿತ್ತರಿಸಬೇಕಾಯಿತು. ಅಂದು ಅಭಿರುಚಿಯನ್ನು ಕೆಡಿಸುತ್ತವೆನಿಸಿದ್ದ ಆ ಹಾಡುಗಳನ್ನು ಇಂದು ನಾವು ಮಧುರಗೀತೆಗಳೆಂದು ಮೊಮ್ಮಕ್ಕಳಿಗೆ ಕೇಳಿಸುತ್ತಿದ್ದೇವೆ. ಅಧಿಕಾರದ ಬಲವುಳ್ಳ ಅರುಚಿಯೂ ಜನರ ಕಿವಿಯನ್ನು ಐದು ವರ್ಷಕ್ಕಿಂತ ಹೆಚ್ಚು ಕಾಲ ಕಟ್ಟಿಹಾಕಲಾಗಲಿಲ್ಲವೆಂಬುದನ್ನು ಗಮನಿಸಬೇಕು.

ವೇಷಭೂಷಣದ ವಿಷಯವೂ ಹಾಗೆಯೇ. ಎಪ್ಪತ್ತರ ದಶಕದಲ್ಲಿ ನಾಯಕನಟರನ್ನು ನೋಡಿ ನಾವು ಕಿವಿ ಮುಚ್ಚುವಂತೆ ಕೂದಲು ಬಿಟ್ಟೆವು, ಕೆನ್ನೆಯ ಮೇಲೆ ಕೃದಾ ಇಳಿಸಿದೆವು, ನೆಲ ಗುಡಿಸುವಷ್ಟು ಅಗಲದ ಬೆಲ್‌ಬಾಟಮ್ ಹೊಲಿಸಿದೆವು. ತಂದೆಯವರು ಅದನ್ನು ಕಂಡು ಸಿಡುಕುತ್ತಿದ್ದರು. ಆದರೆ ಅಂಗಡಿಯ ಗಲ್ಲಾದಲ್ಲಿ ಕುಳಿತಾಗ, ಅದೇ ಪ್ಯಾಂಟಿಗೆ ಬಟ್ಟೆ ಹೆಚ್ಚು ಬೇಕಾಗುತ್ತದೆಂದು ಟೆರಿಕಾಟನ್ನು ಸಂತೋಷದಿಂದಲೇ ಅಳೆದು ಕೊಡುತ್ತಿದ್ದರು. ನಾನು ಬಿ.ಕಾಂ. ಮುಗಿಸಿ ಅಂಗಡಿಗೆ ಬರುವ ಹೊತ್ತಿಗೆ ಪ್ಯಾಂಟುಗಳು ಕಿರಿದಾಗತೊಡಗಿದ್ದವು. ಕಾಲವೇ ತೀರ್ಮಾನಿಸಿದ ವ್ಯಾಜ್ಯವದು. ನೀತಿಶಾಸ್ತ್ರಕ್ಕೆ ಅದರಲ್ಲಿ ಕೆಲಸವಿರಲಿಲ್ಲ.

ಡಿಸ್ಕೋ ಬಂದಾಗ ಟೀಕಿಸುವ ಸರದಿ ನಮ್ಮದಾಯಿತು. 1980ರ 'ಕುರ್ಬಾನಿ' ಚಿತ್ರದಲ್ಲಿ ನಾಜಿಯಾ ಹಸನ್ ಹಾಡಿದ ಗೀತೆ, 1982ರ 'ಡಿಸ್ಕೋ ಡಾನ್ಸರ್' ಇವುಗಳ ಅಬ್ಬರವನ್ನು ಕೇಳಿ, ಇದು ಪರದೇಶದ ಹುಚ್ಚು, ನಮ್ಮ ಮಣ್ಣಿನದಲ್ಲ ಎಂದು ನಾವು ಅಂಗಡಿಯ ಕಟ್ಟೆಯ ಮೇಲೆ ಕುಳಿತು ತೀರ್ಪು ಕೊಟ್ಟೆವು. 'ಕುರ್ಬಾನಿ'ಯ ಆ ಗೀತೆಗೆ ರಾಗ ಹಾಕಿದ ಬಿದ್ದು ಅವರು ನಮ್ಮ ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವರೆಂಬುದು ನನಗೆ ಎಷ್ಟೋ ವರ್ಷಗಳ ಅನಂತರ ತಿಳಿಯಿತು. ಪರಕೀಯವೆಂದು ದೂರಿದ್ದು ನೆರೆಮನೆಯದೇ ಆಗಿತ್ತು! ಕ್ಯಾಬರೆಯನ್ನು ಕುರಿತು ನಮಗಿದ್ದ ತಕರಾರಿನಲ್ಲಿ ಸ್ವಲ್ಪ ಸತ್ಯಾಂಶವಿತ್ತೆಂದು ಒಪ್ಪುತ್ತೇನೆ. ಆದರೆ ಅಲ್ಲಿಯೂ ನಾವು ಬೈದದ್ದು ಕುಣಿಯುವ ಹೆಣ್ಣನ್ನು. ದುಡ್ಡು ಕೊಟ್ಟು ನೋಡಲು ಹೋದ ನಮ್ಮ ಕಣ್ಣನ್ನಲ್ಲ.

ಹಿಡಿಸಬಾರದಾಗಿದ್ದ ಸಂಗತಿಗಳು

ಈಗ ಪಟ್ಟಿಯಲ್ಲಿ ಬಿಟ್ಟುಹೋದ ಬಾಬುಗಳಿಗೆ ಬರೋಣ. ಮೊದಲನೆಯದು, ಹೆಣ್ಣನ್ನು ಪಳಗಿಸುವ ಕಥೆ. ಷೇಕ್ಸ್‌ಪಿಯರನ 'ದ ಟೇಮಿಂಗ್ ಆಫ್ ದ ಶ್ರೂ' ನಾಟಕವನ್ನು ಪರ್ವತವಾಣಿಯವರು 'ಬಹದ್ದೂರ್ ಗಂಡ' ಎಂಬ ಹೆಸರಿನಿಂದ ಕನ್ನಡಕ್ಕೆ ಒಗ್ಗಿಸಿದರು. ಅದು ರಂಗದ ಮೇಲೆ ಬಹುಜನಪ್ರಿಯವಾಯಿತು. 1989ರಲ್ಲಿ ಅದೇ ಕಥೆ 'ನಂಜುಂಡಿ ಕಲ್ಯಾಣ'ವೆಂಬ ಚಿತ್ರವಾಗಿ ಅಪಾರ ಯಶಸ್ಸು ಗಳಿಸಿತು. ಇವೆರಡರ ನಡುವೆ, ಧುತ್ತರಗಿಯವರ ನಾಟಕವನ್ನು ಆಧರಿಸಿದ 1974ರ 'ಸಂಪತ್ತಿಗೆ ಸವಾಲ್' ಮೊದಲಾದ ಎಷ್ಟೋ ಚಿತ್ರಗಳಲ್ಲಿ ಸಿರಿವಂತ ಮನೆಯ ಸೊಕ್ಕಿನ ಹೆಣ್ಣು ಕೊನೆಗೆ ಬಾಗುವುದು ಕಥೆಯ ಒಂದು ಮುಖ್ಯ ಎಳೆಯಾಗಿತ್ತು. ಈ ಚಿತ್ರಗಳಲ್ಲಿ ಗುಣಗಳಿಲ್ಲವೆಂದು ನಾನು ಹೇಳುತ್ತಿಲ್ಲ. ಹಣದ ಅಹಂಕಾರವನ್ನು ಖಂಡಿಸುವುದು ಒಳ್ಳೆಯದೇ; ರಾಜಕುಮಾರರ ಅಭಿನಯ, ಗಾಯನಗಳ ಸೊಗಸು ಇಂದಿಗೂ ಮಾಸಿಲ್ಲ. ಪ್ರಶ್ನೆ ಬೇರೆ. ಅಹಂಕಾರಿಯಾದ ಗಂಡಿಗೆ ಚಿತ್ರವು ಬುದ್ಧಿ ಕಲಿಸುವಾಗ ಆತನಿಗೆ ಜ್ಞಾನೋದಯವಾಗುತ್ತದೆ. ಅಹಂಕಾರಿಯಾದ ಹೆಣ್ಣಿಗೆ ಬುದ್ಧಿ ಕಲಿಸುವಾಗ ಆಕೆಗೆ ಏಟು ಬೀಳುತ್ತದೆ, ಇಲ್ಲವೆ ಅವಮಾನವಾಗುತ್ತದೆ. ಈ ಭೇದವನ್ನು ಚಿತ್ರಮಂದಿರದಲ್ಲಿ ಯಾರೂ ಗಮನಿಸಲಿಲ್ಲ. ಏಟಿನ ಕ್ಷಣಕ್ಕೇ ಶಿಳ್ಳೆ ಹೆಚ್ಚು. ನನ್ನದೂ ಅದರಲ್ಲಿ ಸೇರಿತ್ತು.

ಇದು ತೆರೆಯ ಮೇಲೆಯೇ ಮುಗಿಯಿತೆ? ಮುಗಿಯಲಿಲ್ಲ. 1982ರಲ್ಲಿ ನನ್ನ ದೊಡ್ಡಪ್ಪನ ಮಗಳು, ನಾವೆಲ್ಲ ಅಕ್ಕ ಎಂದು ಕರೆಯುತ್ತಿದ್ದವಳು, ಗಂಡನ ಮನೆಯಿಂದ ತವರಿಗೆ ಬಂದಳು. ಮೊಣಕೈ ಊದಿಕೊಂಡಿತ್ತು. ಹಿರಿಯರು ಹಜಾರದಲ್ಲಿ ಕುಳಿತು ಸಮಾಲೋಚಿಸಿದರು. ಅವರಲ್ಲಿ ಒಬ್ಬರು ನಗುತ್ತಲೇ, "ಸಿನಿಮಾದಲ್ಲಿ ನೋಡಿಲ್ಲವೇನಮ್ಮ? ಹಟ ಇಳಿದರೆ ಎಲ್ಲ ತಾನಾಗಿ ಸರಿಹೋಗುತ್ತದೆ" ಎಂದರು. ಮಿಕ್ಕವರೂ ನಕ್ಕರು. ಎರಡು ದಿನ ಕಳೆದ ಮೇಲೆ ಬಸ್ಸಿನಲ್ಲಿ ಆಕೆಯನ್ನು ಗಂಡನ ಮನೆಗೆ ಬಿಟ್ಟುಬಂದವನು ನಾನೇ. ಮೂರು ಗಂಟೆಯ ದಾರಿಯಲ್ಲಿ ಆಕೆ ಒಂದು ಮಾತನ್ನೂ ಆಡಲಿಲ್ಲ. ಏನಾಯಿತೆಂದು ನಾನೂ ಕೇಳಲಿಲ್ಲ. ಅನಂತರ ಆಕೆ ಯಾವ ದೂರನ್ನೂ ತವರಿಗೆ ತರಲಿಲ್ಲ. ದೂರಿಲ್ಲವಾದುದರಿಂದ ಎಲ್ಲವೂ ಸರಿಯಾಗಿದೆಯೆಂದು ನಾವು ಸಮಾಧಾನಪಟ್ಟೆವು. ಆ ಹಿರಿಯರಿಗೆ ಮಾತನ್ನು ಒದಗಿಸಿದ್ದು ಸಿನಿಮಾ. ಆ ಮಾತಿಗೆ ನಗುವ ಅಭ್ಯಾಸವನ್ನು ನಮಗೆಲ್ಲ ಮಾಡಿಸಿದ್ದೂ ಅದೇ. ಕ್ರೌರ್ಯವನ್ನು ಸಿನಿಮಾ ಹುಟ್ಟಿಸಿತೆಂದು ನಾನು ಹೇಳಲಾರೆ. ಅದು ಮನೆಗಳಲ್ಲಿ ಮೊದಲೇ ಇತ್ತು. ಸಿನಿಮಾ ಅದನ್ನು ತಮಾಷೆಯಾಗಿಸಿತು. ತಮಾಷೆಯಾದುದನ್ನು ಯಾರೂ ವಿಚಾರಣೆಗೆ ಒಳಪಡಿಸುವುದಿಲ್ಲ.

ಎರಡನೆಯದು ಅತ್ಯಾಚಾರದ ದೃಶ್ಯ. ನಮ್ಮ ಯೌವನದ ಚಿತ್ರಗಳಲ್ಲಿ ಖಳನಾಯಕನಿದ್ದರೆ ಇಂಥದೊಂದು ದೃಶ್ಯ ಇದ್ದೇ ಇರಬೇಕೆಂಬಂತೆ ಅದು ವಾಡಿಕೆಯಾಗಿತ್ತು. ಮಹಾರಾಷ್ಟ್ರದ ಪೊಲೀಸ್ ಠಾಣೆಯೊಂದರಲ್ಲಿ 1972ರಲ್ಲಿ ಒಬ್ಬ ಆದಿವಾಸಿ ಬಾಲಕಿಯ ಮೇಲೆ ನಡೆದ ಅತ್ಯಾಚಾರದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಆರೋಪಿಗಳನ್ನು ಬಿಡುಗಡೆ ಮಾಡಿದುದನ್ನು ಪ್ರಶ್ನಿಸಿ, ನಾಲ್ವರು ಕಾನೂನು ಪ್ರಾಧ್ಯಾಪಕರು 1979ರಲ್ಲಿ ಬಹಿರಂಗ ಪತ್ರ ಬರೆದರು. ದೇಶದಲ್ಲೆಲ್ಲ ಚಳವಳಿ ಎದ್ದು 1983ರಲ್ಲಿ ಕಾನೂನಿಗೆ ತಿದ್ದುಪಡಿಯಾಯಿತು. ಈ ಚರ್ಚೆಯ ನಡುವೆಯೇ, 1980ರಲ್ಲಿ, ಬಿ.ಆರ್. ಚೋಪ್ರಾರವರ 'ಇನ್ಸಾಫ್ ಕಾ ತರಾಜು' ತೆರೆಕಂಡಿತು. ನೊಂದ ಹೆಣ್ಣಿಗೆ ನ್ಯಾಯ ಸಿಗದಿರುವುದನ್ನು ತೋರಿಸುವುದು ಅದರ ಘೋಷಿತ ಉದ್ದೇಶ. ಅದರಲ್ಲಿ ಪ್ರಾಮಾಣಿಕತೆಯೂ ಇತ್ತು. ಆದರೆ ಅನ್ಯಾಯದ ದೃಶ್ಯವನ್ನು ಕ್ಯಾಮೆರಾ ದೀರ್ಘವಾಗಿ, ಹತ್ತಿರದಿಂದ ನೋಡಿತು. ನಮ್ಮೂರಿನಲ್ಲಿ ಆ ಭಾಗವನ್ನು ನೋಡುವುದಕ್ಕೆಂದೇ ಎರಡನೆಯ ಸಲ ಹೋದವರನ್ನು ನಾನು ಬಲ್ಲೆ. ಉದ್ದೇಶ ಒಂದು ಕಡೆಗೆ, ದೃಷ್ಟಿ ಇನ್ನೊಂದು ಕಡೆಗೆ. ತಕ್ಕಡಿ ಹಿಡಿದವರು ತಟ್ಟೆಯ ಕೆಳಗೆ ಬೆರಳಿಟ್ಟರೆ ತೂಕವು ಹೇಗೆ ಸರಿಯಾದೀತು?

ಮೂರನೆಯದು ಅಂಗವೈಕಲ್ಯದ ಹಾಸ್ಯ. ತೊದಲುವವನು, ಕಿವುಡ, ಕುಳ್ಳ, ದಪ್ಪಗಿರುವ ಹೆಂಗಸು, ಕಪ್ಪು ಬಣ್ಣದ ವಧು ಇವರು ತೆರೆಯ ಮೇಲೆ ಬಂದರೆ ನಗಬೇಕೆಂಬುದು ಅಲಿಖಿತ ನಿಯಮವಾಗಿತ್ತು. ನಮ್ಮ ಅಂಗಡಿಯಲ್ಲಿ ಒಬ್ಬ ಗುಮಾಸ್ತರಿದ್ದರು. ಲೆಕ್ಕದಲ್ಲಿ ಬಹು ಚೊಕ್ಕ, ಮಾತಿನಲ್ಲಿ ತೊದಲು. ಚಿತ್ರವೊಂದನ್ನು ನೋಡಿ ಬಂದ ಮೇಲೆ ನಾವು ಹುಡುಗರು ಅವರ ಎದುರಿಗೇ ಆ ಹಾಸ್ಯನಟನಂತೆ ತೊದಲಿ ತೋರಿಸುತ್ತಿದ್ದೆವು. ಅವರೂ ನಗುತ್ತಿದ್ದರು, ಯಜಮಾನರ ಮಕ್ಕಳ ಎದುರು ನಗದೆ ಇನ್ನೇನು ಮಾಡಿಯಾರು? ಕ್ರಮೇಣ ಅವರು ಗಿರಾಕಿಗಳೊಡನೆ ಮಾತಾಡುವುದನ್ನೇ ಬಿಟ್ಟು ಒಳಕೋಣೆಯಲ್ಲಿ ಖಾತೆ ಬರೆಯತೊಡಗಿದರು. ಅದರ ಕಾರಣ ನಮಗೆ ಅಂದು ಹೊಳೆಯಲಿಲ್ಲ.

ಇರುವೆ ಮತ್ತು ಗಬ್ಬರ್

ನಾಲ್ಕನೆಯದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. 1975ರ ಆಗಸ್ಟ್ 15ರಂದು ಬಿಡುಗಡೆಯಾದ 'ಶೋಲೆ' ನಮ್ಮ ತಲೆಮಾರಿನ ಮಹಾಕಾವ್ಯವೆಂದರೂ ತಪ್ಪಿಲ್ಲ. ಅದರ ಹಳ್ಳಿ ಉತ್ತರದ್ದಾದರೂ ಅದರ ಬಂಡೆಗಳು ನಮ್ಮ ರಾಮನಗರದವು. ಚಿತ್ರದಲ್ಲಿ ಅಂಧ ಮುದುಕನೊಬ್ಬನ ಮಗನನ್ನು ಡಕಾಯಿತರು ಹಿಡಿದು ತರುತ್ತಾರೆ. ಅವನ ಕೊಲೆಯನ್ನು ನಮಗೆ ತೋರಿಸುವುದಿಲ್ಲ. ಬದಲಿಗೆ, ಮಲಗಿರುವ ಗಬ್ಬರನ ತೋಳಿನ ಮೇಲೆ ಒಂದು ಇರುವೆ ಹರಿಯುತ್ತದೆ; ಅವನು ಅದನ್ನು ಹೊಸಕುತ್ತಾನೆ. ಮುಂದೆ ಕುದುರೆಯು ಹುಡುಗನ ಹೆಣವನ್ನು ಊರಿಗೆ ಹೊತ್ತು ತರುತ್ತದೆ. ಕಲೆಯ ದೃಷ್ಟಿಯಿಂದ ಅದು ಸಮರ್ಥವಾದ ದೃಶ್ಯ. ಮನುಷ್ಯನ ಪ್ರಾಣವೂ ಈತನಿಗೆ ಇರುವೆಯ ಪ್ರಾಣದಷ್ಟೇ ಎಂದು ಹೇಳುವುದು ನಿರ್ದೇಶಕರ ಆಶಯ.

ಹಿಟ್ಟಿನ ಡಬ್ಬಿಗೆ ಇರುವೆ ಬಂದರೆ ಅದನ್ನು ಅಂಗಳದಲ್ಲಿಟ್ಟು, ಅವು ತಾವಾಗಿ ಇಳಿದು ಹೋಗುವವರೆಗೆ ನಮ್ಮ ತಾಯಿ ಅಡಿಗೆಯನ್ನೇ ತಡಮಾಡುತ್ತಿದ್ದರು. ಅಂಥ ಮನೆಯಲ್ಲಿ ಬೆಳೆದ ನಾನು ಕಾಲೇಜಿನ ವಾರ್ಷಿಕೋತ್ಸವದಲ್ಲಿ ಗಬ್ಬರನ ಅನುಕರಣೆ ಮಾಡಿ, ಆ ಇರುವೆ ಹೊಸಕುವ ಭಂಗಿಯನ್ನು ಅಭಿನಯಿಸಿ ಬಹುಮಾನ ಪಡೆದೆ. ಆ ಚಿತ್ರದ ಸಂಭಾಷಣೆಗಳ ಧ್ವನಿಮುದ್ರಿಕೆಯೇ ಪ್ರತ್ಯೇಕವಾಗಿ ಮಾರಾಟವಾಗಿ ಹೋಟೆಲುಗಳಲ್ಲಿ, ಗಣೇಶನ ಚಪ್ಪರಗಳಲ್ಲಿ ಮೊಳಗಿತು. ಬಿಸ್ಕತ್ತು ಕಂಪನಿಯೊಂದು ಮಕ್ಕಳಿಗೆ ತನ್ನ ಬಿಸ್ಕತ್ತು ಮಾರಲು ಗಬ್ಬರನ ಪಾತ್ರಧಾರಿಯನ್ನು ಅದೇ ವೇಷದಲ್ಲಿ ಜಾಹೀರಾತಿಗೆ ತಂದಿತು. ವ್ಯಾಪಾರಿಯಾದ ನಾನು ಆ ಲೆಕ್ಕಾಚಾರವನ್ನು ಬಲ್ಲೆ: ಜನಕ್ಕೆ ಯಾವುದರ ಮೇಲೆ ಪ್ರೀತಿಯೋ ಅದೇ ಸರಕು ಮಾರುತ್ತದೆ. ಕಥೆಯಲ್ಲಿ ಎಳೆಯ ಬಾಲಕನನ್ನು ಕೊಂದವನು ಬಾಲಕರಿಗೆ ಪ್ರಿಯನಾದನೆಂಬುದನ್ನು ಕಂಪನಿಯು ನಮಗಿಂತ ಮೊದಲೇ ಅರಿತಿತ್ತು.

ಈ ಚಿತ್ರದ ಬಗ್ಗೆ ಅಂದಿನ ಸೆನ್ಸಾರ್ ಮಂಡಳಿಗೂ ಒಂದು ಆಕ್ಷೇಪವಿತ್ತು. ಮೂಲ ಮುಕ್ತಾಯದಲ್ಲಿ ಠಾಕೂರನು ಮೊಳೆ ಜಡಿದ ಪಾದರಕ್ಷೆಗಳಿಂದ ಗಬ್ಬರನನ್ನು ತುಳಿದು ಕೊಲ್ಲುತ್ತಾನೆ. ಅದು ತುರ್ತುಪರಿಸ್ಥಿತಿಯ ಕಾಲ. ಮಾಜಿ ಪೊಲೀಸ್ ಅಧಿಕಾರಿಯೊಬ್ಬನು ಕಾನೂನನ್ನು ಕೈಗೆತ್ತಿಕೊಳ್ಳುವುದು ಸಲ್ಲದೆಂದಾದುದರಿಂದ, ಪೊಲೀಸರು ಬಂದು ತಡೆಯುವಂತೆ ಮುಕ್ತಾಯವನ್ನು ಬದಲಿಸಲಾಯಿತು. 50 ವರ್ಷಗಳ ಅನಂತರ, 2025ರಲ್ಲಿ, ಇಟಲಿಯ ಬೊಲೊನ್ಯಾ ನಗರದ ಚಿತ್ರೋತ್ಸವದಲ್ಲಿ ಮೂಲ ಮುಕ್ತಾಯದೊಡನೆ ಚಿತ್ರವನ್ನು ತೋರಿಸಿದರು. ಮುಕ್ತಾಯದ ಬಗ್ಗೆ ಮಂಡಳಿಯ ಆಕ್ಷೇಪ ಆ ಕೊಲೆಗೆ. ಅದೂ ರಾಜ್ಯದ ಅಧಿಕಾರದ ಸಲುವಾಗಿ. ಕ್ರೌರ್ಯದ ಧ್ವನಿ ಮಕ್ಕಳ ಬಾಯಲ್ಲಿ ಸಿಹಿಯಾಗುತ್ತಿದ್ದುದನ್ನು ಯಾವ ಮಂಡಳಿಯೂ ಕತ್ತರಿಸಲಾರದು. ಆ ಕೆಲಸ ಮನೆಯದು, ಮನಸ್ಸಿನದು.

ಇನ್ನೊಂದು ಮಾತು. ಅದೇ ಚಿತ್ರದಲ್ಲಿ ವಿಧವೆ ರಾಧೆ ಸಂಜೆಯ ಹೊತ್ತು ಒಂದೊಂದಾಗಿ ದೀಪಗಳನ್ನು ಆರಿಸುತ್ತ ನಡೆಯುವ ದೃಶ್ಯವಿದೆ. ಆಕೆಯ ಪುನರ್ವಿವಾಹಕ್ಕಾಗಿ ಮಾವನೇ ಮುಂದಾಗಿ ಆಕೆಯ ತಂದೆಯೊಡನೆ ಮಾತಾಡುವ ಪ್ರಸಂಗವಿದೆ. ಅಂದಿನ ಸಮಾಜಕ್ಕೆ ಅದು ಎಷ್ಟು ದೊಡ್ಡ ಮಾತು! ಆದರೆ ಅದನ್ನು ಯಾವ ವಾರ್ಷಿಕೋತ್ಸವದಲ್ಲಿಯೂ ಯಾರೂ ಅಭಿನಯಿಸಲಿಲ್ಲ. ಚಿತ್ರವು ಎರಡನ್ನೂ ನಮ್ಮ ಮುಂದಿಟ್ಟಿತ್ತು. ಆರಿಸಿಕೊಂಡವರು ನಾವು.

ಸಾಹುಕಾರನ ಪಾತ್ರ

ವಾಚಕರಲ್ಲಿ ಅನೇಕರು ವ್ಯಾಪಾರಿ ಕುಟುಂಬದವರಾದುದರಿಂದ ಈ ವಿಷಯವನ್ನು ಬಿಡುವಂತಿಲ್ಲ. ನಮ್ಮ ಮನೆಗಳಲ್ಲಿ ಎಲ್ಲರಿಗೂ ಏಕಮತದಿಂದ ಹಿಡಿಸದಿದ್ದ ಒಂದು ಸಂಗತಿಯಿತ್ತು. ಅದು ಸಿನಿಮಾದ ಸಾಹುಕಾರ. 1957ರ 'ಮದರ್ ಇಂಡಿಯಾ'ದಲ್ಲಿ ಕನ್ಹಯ್ಯಾಲಾಲರು ಅಭಿನಯಿಸಿದ ಸುಖೀಲಾಲಾನಿಂದ ಮೊದಲುಗೊಂಡು, ಬಡ್ಡಿಯ ಲೆಕ್ಕದಲ್ಲಿ ಮೋಸಮಾಡುವ, ಬಡವರ ಹೆಣ್ಣುಮಕ್ಕಳ ಮೇಲೆ ಕಣ್ಣಿಡುವ, ಹೊಟ್ಟೆ ಮುಂದಾದ ವರ್ತಕನು ಭಾರತದ ಎಲ್ಲ ಭಾಷೆಗಳ ತೆರೆಯ ಮೇಲೂ ಓಡಾಡಿದನು. ಕನ್ನಡದಲ್ಲಿಯೂ ಅವನಿಗೆ ಕೊರತೆಯಿರಲಿಲ್ಲ. ಇಂಥದೊಂದು ಚಿತ್ರದ ಮಧ್ಯದಲ್ಲಿಯೇ ನಮ್ಮ ತಂದೆಯವರು ಎದ್ದು ಹೊರಬಂದುದು ನನಗೆ ನೆನಪಿದೆ. ಮಾರನೆಯ ದಿನ ಕಾಲೇಜಿನಲ್ಲಿ ಸಹಪಾಠಿಗಳು ಆ ಪಾತ್ರದ ಹೆಸರಿನಿಂದ ನನ್ನನ್ನು ಕರೆದಾಗ ನನಗೆ ಕಣ್ಣೀರು ಬಂದಿತ್ತು.

ಆ ನೋವು ಸುಳ್ಳಲ್ಲ. ಆದರೆ ಅದನ್ನು ಎರಡು ಬಗೆಯಲ್ಲಿ ಪರಿಶೀಲಿಸಬೇಕು. ಒಂದು: ಆ ಪಾತ್ರ ಪೂರ್ತಿ ಕಲ್ಪಿತವಾಗಿರಲಿಲ್ಲ. ಬಡರೈತರ, ಕೂಲಿಕಾರರ ಸಾಲದ ಹೊರೆಯನ್ನು ಇಳಿಸಲು ಕರ್ನಾಟಕ ಸರ್ಕಾರವು 1976ರಲ್ಲಿ ಋಣ ಪರಿಹಾರ ಕಾಯಿದೆಯನ್ನು ತರಬೇಕಾಯಿತೆಂದರೆ, ಒತ್ತೆ ಬಂದ ತಾಮ್ರದ ಹಂಡೆಗಳು ಯಾರ ಯಾರ ಅಟ್ಟದ ಮೇಲೆ ಇದ್ದವೆಂಬುದನ್ನು ನಾವೇ ಕೇಳಿಕೊಳ್ಳಬೇಕು. ನಮ್ಮ ಅಟ್ಟದ ಮೇಲೂ ಕೆಲವಿದ್ದವು. ಎರಡು: ವರ್ತಕನನ್ನು ವಿಕಾರಗೊಳಿಸಿದಾಗ ಎದ್ದು ಹೊರಬಂದ ನಾವು, ತೊದಲುವವನನ್ನು ವಿಕಾರಗೊಳಿಸಿದಾಗ ಕುಳಿತು ನಕ್ಕೆವು. ಅವಮಾನವೆಂದರೇನೆಂದು ನಮಗೆ ತಿಳಿದಿರಲಿಲ್ಲವೆಂದು ಹೇಳುವಂತೆಯೇ ಇಲ್ಲ. ತಿಳಿದಿತ್ತು, ಅದು ನಮಗೆ ತಟ್ಟಿದಾಗ ಮಾತ್ರ ಅವಮಾನವೆನಿಸಿತು. ನಮ್ಮ ತಕ್ಕಡಿಯಲ್ಲಿ ಕೊಳ್ಳುವುದಕ್ಕೆ ಒಂದು ಕಲ್ಲು, ಮಾರುವುದಕ್ಕೆ ಇನ್ನೊಂದು ಕಲ್ಲು ಇದ್ದಂತಾಯಿತು. ವ್ಯಾಪಾರದಲ್ಲಿ ಇದನ್ನು ಕಳ್ಳತೂಕವೆನ್ನುತ್ತಾರೆ.

ಎರಡು ಆಕ್ಷೇಪಗಳು

ಈ ವಿಚಾರಗಳನ್ನು ಸ್ನೇಹಿತರಲ್ಲಿ ಹೇಳಿಕೊಂಡಾಗ ಎರಡು ಆಕ್ಷೇಪಗಳು ಬಂದವು. ಮೊದಲನೆಯದು: "ಅದು ಬರಿಯ ಆಟ. ಯಾರಿಗೂ ನಿಜವಾಗಿ ಏಟು ಬಿದ್ದಿಲ್ಲ, ಯಾರೂ ಸತ್ತಿಲ್ಲ. ನಟರು ಬಣ್ಣ ತೊಳೆದು ಮನೆಗೆ ಹೋದರು. ಇದರಲ್ಲಿ ಹಿಂಸೆ ಎಲ್ಲಿಂದ ಬಂತು?"

ಈ ಪ್ರಶ್ನೆಗೆ ಕನ್ನಡದಲ್ಲಿ 1209ರಲ್ಲಿಯೇ ಉತ್ತರವಿದೆ. ಜನ್ನನ 'ಯಶೋಧರ ಚರಿತೆ'ಯಲ್ಲಿ ದುಃಸ್ವಪ್ನದ ಪರಿಹಾರಕ್ಕೆಂದು ತಾಯಿ ಚಂದ್ರಮತಿ ಪ್ರಾಣಿಬಲಿಯನ್ನು ಕೇಳುತ್ತಾಳೆ. ಮಗನು ಒಪ್ಪುವುದಿಲ್ಲ. ಕೊನೆಗೆ ರಾಜಿಯಾಗಿ ಹಿಟ್ಟಿನ ಕೋಳಿಯನ್ನು ಮಾಡಿಸಿ ಅದನ್ನೇ ಕಡಿಯುತ್ತಾರೆ. ಯಾವ ಜೀವಕ್ಕೂ ನೋವಾಗಲಿಲ್ಲವೆಂದು ಅವರೆಣಿಸುವಷ್ಟರಲ್ಲಿ ಆ ಹಿಟ್ಟಿನ ಕೋಳಿ ಕೂಗುತ್ತದೆ. ಅಂದಿನಿಂದ ತಾಯಿ ಮಗ ಇಬ್ಬರೂ ನಾಯಿ, ನವಿಲು ಮೊದಲಾದ ಜನ್ಮಗಳಲ್ಲಿ ತೊಳಲುತ್ತಾರೆ. ಕೋಳಿ ಹಿಟ್ಟಿನದಾದರೂ ಕಡಿಯುವ ಸಂಕಲ್ಪ ಹಿಟ್ಟಿನದಾಗಿರಲಿಲ್ಲ ಎಂಬುದು ಕವಿಯ ಇಂಗಿತ. ತಾನೇ ಮಾಡುವುದು, ಮಾಡಿಸುವುದು, ಮಾಡಿದುದನ್ನು ಮೆಚ್ಚುವುದು, ಅಂದರೆ ಕೃತ, ಕಾರಿತ, ಅನುಮೋದನ, ಈ ಮೂರನ್ನೂ ಒಂದೇ ಸಾಲಿನಲ್ಲಿಟ್ಟ ಪರಂಪರೆಗೆ ಸೇರಿದ ನಮಗೆ ಇದನ್ನು ಹೊಸದಾಗಿ ವಿವರಿಸಬೇಕಿಲ್ಲ. ಬೆಳ್ಳಿತೆರೆಯ ಏಟು ಹಿಟ್ಟಿನ ಕೋಳಿಯೇ ಸರಿ. ಆದರೆ ನಮ್ಮ ಶಿಳ್ಳೆ ನಿಜವಾದುದಾಗಿತ್ತು. ಅದರ ಕೂಗು ನನಗೆ ಕೇಳಿಸಿದ್ದು ಅಕ್ಕನೊಡನೆ ಕುಳಿತ ಆ ಬಸ್ಸಿನಲ್ಲಿ. ಅಂದು ನಾನು ಕೇಳಿಸಿಕೊಳ್ಳಲಿಲ್ಲ, ಅಷ್ಟೆ.

ಎರಡನೆಯ ಆಕ್ಷೇಪ: "ಇಂದಿನ ಅಳತೆಗೋಲಿನಿಂದ ಅಂದಿನ ಚಿತ್ರಗಳನ್ನು ಅಳೆಯುವುದು ನ್ಯಾಯವೆ? ಕಾಲವೇ ಹಾಗಿತ್ತು." ಈ ಮಾತನ್ನು ನಾನು ಒಪ್ಪಲಾರೆ. ಅಳತೆಗೋಲು ಇಂದಿನದಲ್ಲವೆಂದು ಜನ್ನನ ಕಾವ್ಯವೇ ಹೇಳುತ್ತದೆ. ಅಷ್ಟು ಹಿಂದಕ್ಕೆ ಹೋಗುವುದೂ ಬೇಡ. ನಾವು ಶಿಳ್ಳೆ ಹಾಕುತ್ತಿದ್ದ ಅದೇ ಕಾಲದಲ್ಲಿ, 1971ರಲ್ಲಿ, ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲರು 'ಶರಪಂಜರ'ವನ್ನು ತೆಗೆದರು. ಮಾನಸಿಕ ಕಾಯಿಲೆಯಿಂದ ಗುಣಹೊಂದಿ ಮನೆಗೆ ಮರಳಿದ ಕಾವೇರಿಯನ್ನು ಗಂಡನೂ ನೆರೆಹೊರೆಯೂ ಹುಚ್ಚಿಯೆಂದೇ ಕಂಡು, ಆಕೆ ಮತ್ತೆ ಆಸ್ಪತ್ರೆಗೇ ಹಿಂದಿರುಗುವಂತೆ ಮಾಡಿದ ಕಥೆ ಅದು. ಕಲ್ಪನಾರವರ ಅಭಿನಯವನ್ನು ನೋಡಿ ನಮ್ಮ ತಾಯಂದಿರು ಅತ್ತರು. ಮರುವರ್ಷ ಬಂದ 'ಬಂಗಾರದ ಮನುಷ್ಯ' ಬೆಂಗಳೂರಿನ ಒಂದೇ ಚಿತ್ರಮಂದಿರದಲ್ಲಿ ಎರಡು ವರ್ಷ ನಡೆಯಿತು. ಅದರ ನಾಯಕನು ಯಾರನ್ನೂ ತುಳಿದು ದೊಡ್ಡವನಾದವನಲ್ಲ, ಕೊಟ್ಟು ದೊಡ್ಡವನಾದವನು. ಅಂದರೆ ನೋಯಿಸದೆ ರಂಜಿಸುವ ಕಲೆ ಅಂದೂ ಇತ್ತು, ಅದನ್ನು ಮೆಚ್ಚುವ ಜನರೂ ಇದ್ದರು. ಕಾಲ ಹಾಗಿತ್ತೆಂಬುದು ಅರ್ಧಸತ್ಯ. ಕಾಲದಲ್ಲಿ ಎರಡೂ ಇದ್ದವು.

ಮುಂದೇನು?

ನಮ್ಮ ಬಸದಿಗಳ ಸಮಿತಿಗಳಲ್ಲಿ, ಸಮಾಜದ ಸಭೆಗಳಲ್ಲಿ ಯುವಜನರ ಉಡುಪು, ಹಾಡು, ಕುಣಿತಗಳನ್ನು ಕುರಿತು ಕಳವಳದ ಮಾತುಗಳು ಆಗಾಗ ಬರುತ್ತವೆ. ಆ ಕಳವಳದಲ್ಲಿ ಪ್ರೀತಿಯಿದೆ, ನಿಜ. ಆದರೆ ಕೇಸ್ಕರರು ಮಾಡಿದ ತಪ್ಪನ್ನೇ ನಾವೂ ಮಾಡಬಾರದು. ವೇಷದ ಮೇಲಿನ ನಮ್ಮ ಅರುಚಿಗೆ ನೀತಿಯ ಅಂಗಿ ತೊಡಿಸಿದರೆ ಮಕ್ಕಳು ಅದನ್ನು ಕೂಡಲೇ ಗುರುತಿಸುತ್ತಾರೆ. ಆಮೇಲೆ ನಿಜವಾಗಿ ಹೇಳಬೇಕಾದ ಮಾತನ್ನು ಹೇಳಿದಾಗಲೂ ಕಿವಿಗೊಡುವುದಿಲ್ಲ.

ಮೊಮ್ಮಕ್ಕಳು ಏನನ್ನು ನೋಡುತ್ತಿದ್ದಾರೆಂದು ದೂರದಿಂದ ಗದರಿಸುವುದಕ್ಕಿಂತ ಅವರ ಪಕ್ಕದಲ್ಲಿ ಕುಳಿತು ನೋಡುವುದು ಮೇಲು. ನೋಡಿದ ಮೇಲೆ ಒಂದೇ ಪ್ರಶ್ನೆ ಸಾಕು: "ಎಲ್ಲಿ ನಗು ಬಂತು? ಆಗ ಯಾರಿಗೆ ನೋವಾಗುತ್ತಿತ್ತು?" ಇದೇ ಪ್ರಶ್ನೆಯನ್ನು ನಾವೂ ಕೇಳಿಕೊಳ್ಳಬೇಕು. ಟ್ರಸ್ಟಿನವರು ಪರ್ವದ ದಿನಗಳಲ್ಲಿ ಮಕ್ಕಳಿಂದ ಕಿರುನಾಟಕಗಳನ್ನು ಆಡಿಸುತ್ತಾರೆ. ಅವುಗಳಲ್ಲಿಯೂ ತೊದಲುವ ಆಳು, ಗಂಟುಮುಖದ ಅತ್ತೆ, ದಪ್ಪ ಹೆಂಡತಿ ಇವರೇ ಹಾಸ್ಯದ ಸಾಮಗ್ರಿಯಾಗಿರುವುದನ್ನು ನಾನು ಕಳೆದ ಕೆಲವು ವರ್ಷಗಳಲ್ಲಿಯೂ ಕಂಡಿದ್ದೇನೆ. ಬರೆದುಕೊಟ್ಟವರು ನಮ್ಮ ವಯಸ್ಸಿನವರೇ. ಸುಧಾರಣೆಯನ್ನು ಅಲ್ಲಿಂದ ಆರಂಭಿಸಬಹುದು. ಅದಕ್ಕೆ ಹಣದ ಖರ್ಚೂ ಇಲ್ಲ.

ದೀಪಾವಳಿ ಕಳೆದ ಎರಡು ವಾರಗಳಿಗೆ ನಾನು ಮೊಮ್ಮಗಳಿಗೆ ದೂರವಾಣಿಯಲ್ಲಿ ಹೊಸ ಪಟ್ಟಿಯನ್ನು ಓದಿ ಹೇಳಿದೆ. ಬೆಲ್‌ಬಾಟಮ್, ಕೂದಲು, ಡಿಸ್ಕೋ ಮೂರನ್ನೂ ಹೊಡೆದುಹಾಕಿದ್ದೆ. ಹೆಂಡತಿಗೆ ಬಿದ್ದ ಏಟು, ಗುಮಾಸ್ತರ ತೊದಲು, ಗಬ್ಬರನ ಇರುವೆ ಸೇರಿದ್ದವು. ಅಕ್ಕನ ವಿಷಯವನ್ನೂ ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಅಜ್ಜಿ ಈಗ ಎಲ್ಲಿದ್ದಾರೆ, ತಾತ?" ಎಂದು ಕೇಳಿದಳು. ಅವರು ತೀರಿಕೊಂಡು ಹನ್ನೊಂದು ವರ್ಷಗಳಾದವೆಂದು ಹೇಳಬೇಕಾಯಿತು. ಇಂಥ ಲೆಕ್ಕಗಳನ್ನು ತಡವಾಗಿ ತೆರೆದವನ ಅನುಭವವಿದು. ಸಹೃದಯ ವಾಚಕರು ತಮ್ಮ ತಮ್ಮ ಲೆಕ್ಕಗಳನ್ನು, ಕ್ಷಮೆ ಕೇಳಬೇಕಾದವರು ಇನ್ನೂ ಇರುವಾಗಲೇ, ತೆರೆದು ನೋಡಲೆಂದು ವಿನಂತಿಸುತ್ತೇನೆ.